ಪರ–ವಿರೋಧ: ಅಮೆರಿಕದ ಪತ್ರಿಕೆಗಳು ಬಿಲಿಯನೇರ್‌ಗಳ ಕೈಬಿಟ್ಟು ಟ್ರಸ್ಟ್‌ಗಳ ಕೈಸೇರಬೇಕೇ?

ಪರ: ಒಡೆಯನಿಗೆ ಬೇರೆ ವ್ಯಾಪಾರ ಇದ್ದರೆ ಪತ್ರಿಕೆಯ ಬಾಯಿಗೆ ಬೀಗ

2024ರ ಅಕ್ಟೋಬರ್ 25. ಅಧ್ಯಕ್ಷ ಚುನಾವಣೆಗೆ ಇನ್ನು ಹನ್ನೊಂದೇ ದಿನ. ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸುವ ಸಂಪಾದಕೀಯದ ಕರಡು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಸಿದ್ಧವಾಗಿತ್ತು. ಅದು ಅಚ್ಚಾಗಲಿಲ್ಲ. ಈ ಸಲ ಯಾರನ್ನೂ ಬೆಂಬಲಿಸುವುದಿಲ್ಲ ಎಂದು ಪ್ರಕಾಶಕರು ಘೋಷಿಸಿದರು. ತೀರ್ಮಾನ ಒಡೆಯ, ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರದು. ಅದೇ ದಿನ ಅವರ ರಾಕೆಟ್ ಕಂಪನಿ ಬ್ಲೂ ಆರಿಜಿನ್‌ನ ಹಿರಿಯ ಅಧಿಕಾರಿಗಳು ಟ್ರಂಪ್ ಅವರನ್ನು ಭೇಟಿಯಾಗಿದ್ದರು. ಆ ಭೇಟಿ ನನಗೆ ಮೊದಲೇ ಗೊತ್ತಿರಲಿಲ್ಲ, ಎರಡಕ್ಕೂ ಸಂಬಂಧವಿಲ್ಲ ಎಂದು ಬೆಜೋಸ್ ಬರೆದರು. ಇರಬಹುದು. ಆದರೆ ಓದುವವರು ನಂಬಬೇಕಲ್ವಾ? ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷ ಜನ ಚಂದಾ ರದ್ದು ಮಾಡಿದರು. ಅವರಲ್ಲಿ ನಾನೂ ಒಬ್ಬಳು.

ಅದೇ ವಾರ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲೂ ಇದೇ ಕಥೆ. ಅಲ್ಲಿನ ಒಡೆಯ ಪ್ಯಾಟ್ರಿಕ್ ಸೂನ್-ಶಿಯಾಂಗ್ ಔಷಧ ಉದ್ಯಮದಲ್ಲಿ ದುಡ್ಡು ಮಾಡಿದವರು. ಅವರೂ ಬೆಂಬಲದ ಬರಹ ತಡೆದರು. ಸಂಪಾದಕೀಯ ವಿಭಾಗದ ಮುಖ್ಯಸ್ಥೆ ಮರಿಯೆಲ್ ಗಾರ್ಜಾ ರಾಜೀನಾಮೆ ಕೊಟ್ಟು ಹೊರಬಂದರು.

ಇದು ಒಬ್ಬ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಅಲ್ಲ. ಬ್ಲೂ ಆರಿಜಿನ್‌ಗೆ 2023ರಲ್ಲಿ ನಾಸಾ ಕೊಟ್ಟ ಚಂದ್ರಯಾನದ ಗುತ್ತಿಗೆ 3.4 ಶತಕೋಟಿ ಡಾಲರ್‌ನದು. ಅಮೆಜಾನ್‌ನ ಕ್ಲೌಡ್ ಸೇವೆಗೆ ಸರ್ಕಾರದ ಗುಪ್ತಚರ ಸಂಸ್ಥೆ ಸಿಐಎ ಕೂಡ ಗಿರಾಕಿ. ಇಷ್ಟು ದೊಡ್ಡ ಗಿರಾಕಿಯನ್ನು ಎದುರು ಹಾಕಿಕೊಳ್ಳಲು ಯಾವ ವ್ಯಾಪಾರಿಗೆ ಧೈರ್ಯ ಬರುತ್ತದೆ? ಸರ್ಕಾರದ ಮೇಲೆ ಕಣ್ಣಿಡಬೇಕಾದ ಪತ್ರಿಕೆಯ ಒಡೆಯನೇ ಸರ್ಕಾರದ ಗುತ್ತಿಗೆದಾರ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಆನ್ ಟೆಲ್ನೇಸ್ ಅವರ ವ್ಯಂಗ್ಯಚಿತ್ರವನ್ನು ನೆನಪಿಸಿಕೊಳ್ಳಿ. ಅವರು 2008ರಿಂದ ಪೋಸ್ಟ್‌ನಲ್ಲಿದ್ದರು. ಅವರು ಕಳಿಸಿದ ಕರಡಿನಲ್ಲಿ ಟ್ರಂಪ್ ಅವರ ದೊಡ್ಡ ಪ್ರತಿಮೆ. ಅದರ ಮುಂದೆ ಮಂಡಿಯೂರಿ ದುಡ್ಡಿನ ಚೀಲ ಎತ್ತಿ ಹಿಡಿದ ಕುಬೇರರು. ಡಿಸ್ನಿಯ ಮಿಕಿ ಮೌಸ್ ಅಂತೂ ಅಡ್ಡ ಬಿದ್ದಿದೆ. ಆ ಗುಂಪಿನಲ್ಲಿ ಬೆಜೋಸ್ ಕೂಡ ಇದ್ದರು. ಚಿತ್ರ ಅಚ್ಚಾಗಲಿಲ್ಲ. ಇದೇ ವಿಷಯದ ಮೇಲೆ ಆಗಲೇ ಅಂಕಣ ಬಂದಿದೆ, ಸುಮ್ನೆ ಮತ್ತೆ ಮತ್ತೆ ಬೇಡ ಎಂದು ಸಂಪಾದಕರು ಕಾರಣ ಕೊಟ್ಟರು. ತಾನು ಯಾರ ಮೇಲೆ ಪೆನ್ನು ಎತ್ತಿದೆ ಎಂಬ ಕಾರಣಕ್ಕೆ ಚಿತ್ರ ತಿರಸ್ಕಾರವಾದದ್ದು ಇದೇ ಮೊದಲು ಎಂದು ಟೆಲ್ನೇಸ್ ಬರೆದು, 2025ರ ಜನವರಿಯಲ್ಲಿ ಕೆಲಸ ಬಿಟ್ಟರು. ಅದೇ ವರ್ಷ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅಧ್ಯಕ್ಷರ ಪ್ರಮಾಣವಚನದ ದಿನ ಬೆಜೋಸ್, ಜುಕರ್‌ಬರ್ಗ್, ಮಸ್ಕ್ ಎಲ್ಲರೂ ಸಂಸತ್ ಭವನ ಕ್ಯಾಪಿಟಲ್‌ನ ಒಳಗೆ, ಟ್ರಂಪ್ ಅವರ ಬೆನ್ನ ಹಿಂದೆಯೇ ನಿಂತಿದ್ದರು. ಟೆಲ್ನೇಸ್ ಬರೆದದ್ದು ಉತ್ಪ್ರೇಕ್ಷೆಯೇನೂ ಆಗಿರಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ನೋವಾದದ್ದು 2025ರ ಫೆಬ್ರವರಿಯಲ್ಲಿ. ಇನ್ನು ಮುಂದೆ ಅಭಿಪ್ರಾಯ ಪುಟಗಳು ವೈಯಕ್ತಿಕ ಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆಯ ಪರವಾಗಿಯೇ ಬರೆಯುತ್ತವೆ, ಅದಕ್ಕೆ ವಿರುದ್ಧವಾದದ್ದನ್ನು ಬೇರೆಯವರು ಪ್ರಕಟಿಸಲಿ ಎಂದು ಬೆಜೋಸ್ ತಿಳಿಸಿದರು. ಅಭಿಪ್ರಾಯ ವಿಭಾಗದ ಸಂಪಾದಕ ಡೇವಿಡ್ ಶಿಪ್ಲಿ ಹೊರನಡೆದರು. ಅಮೆರಿಕದ ಸಂಪತ್ತಿನ ಸುಮಾರು 30 ಶೇಕಡಾ ಮೇಲಿನ ಒಂದು ಶೇಕಡಾ ಜನರ ಹತ್ತಿರ ಇದೆ. ಕೆಳಗಿನ ಅರ್ಧ ದೇಶದ ಪಾಲು ಮೂರು ಶೇಕಡಾ ಕೂಡ ಇಲ್ಲ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಈ ಕೂಲಿ ಏರಬೇಕೇ, ಶ್ರೀಮಂತರ ಮೇಲೆ ತೆರಿಗೆ ಹೆಚ್ಚಬೇಕೇ ಎಂಬುದು ಆ ದೇಶದ ದೊಡ್ಡ ಜಗಳ. ಆ ಜಗಳದಲ್ಲಿ ಒಂದು ಪಕ್ಷದವರೇ ಪಂಚಾಯಿತಿ ಕಟ್ಟೆಯನ್ನೂ ಕೊಂಡುಕೊಂಡಿದ್ದಾರೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನ ಪರವಾಗಿ ಮಾತಾಡುವವರು ಇನ್ನು ಯಾವ ಪುಟಕ್ಕೆ ಹೋಗಬೇಕು?

ಬೇರೆ ದಾರಿ ಕಣ್ಣೆದುರೇ ಇದೆ. ಬ್ರಿಟನ್‌ನ ಗಾರ್ಡಿಯನ್ 1936ರಿಂದ ಟ್ರಸ್ಟ್‌ನ ಆಸರೆಯಲ್ಲಿದೆ. ಅಮೆರಿಕದಲ್ಲೇ ಟ್ಯಾಂಪಾ ಬೇ ಟೈಮ್ಸ್ ಒಂದು ಪತ್ರಿಕೋದ್ಯಮ ಶಾಲೆಯ ಒಡೆತನದಲ್ಲಿದೆ. ಫಿಲಡೆಲ್ಫಿಯಾ ಇನ್‌ಕ್ವೈರರ್ 2016ರಲ್ಲಿ ಲಾಭವಿಲ್ಲದ ಸಂಸ್ಥೆಯ ಕೈಸೇರಿತು. ಸಾಲ್ಟ್ ಲೇಕ್ ಟ್ರಿಬ್ಯೂನ್ 2019ರಲ್ಲಿ ತಾನೇ ಲಾಭವಿಲ್ಲದ ಸಂಸ್ಥೆಯಾಯಿತು. ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಸಾಹುಕಾರ ಇಲ್ಲದಿದ್ದರೆ ಸೂರ್ಯನೇ ಹುಟ್ಟುವುದಿಲ್ಲ ಎಂದು ನಂಬಿದವರ ಪ್ರಶ್ನೆ ಅದು. ಒಂದೇ ಊರಿನ ಪತ್ರಿಕೆ ಮತ್ತು ಟಿವಿ ಕೇಂದ್ರ ಒಬ್ಬರ ಕೈಯಲ್ಲಿ ಇರಬಾರದು ಎಂದು 1975ರಲ್ಲಿ ಅಮೆರಿಕವೇ ನಿಯಮ ಮಾಡಿತ್ತು. 2017ರಲ್ಲಿ ಅದನ್ನು ಕಿತ್ತುಹಾಕಿದರು. ಅಂಥ ನಿಯಮ ಮತ್ತೆ ಬರಲಿ. ಸರ್ಕಾರದ ಗುತ್ತಿಗೆ ಹಿಡಿಯುವವರು ಪತ್ರಿಕೆ ಬಿಟ್ಟುಕೊಡಲಿ.

ವಿರೋಧ: ಮುಚ್ಚಿದ ಪತ್ರಿಕೆಗಿಂತ ಸಾಹುಕಾರನ ಪತ್ರಿಕೆ ವಾಸಿ

ಈ ಪಕ್ಷ ವಹಿಸಿ ಬರೆಯಿರಿ ಎಂದು ನನ್ನನ್ನು ಕೇಳಿದರು. ಬಿಲಿಯನೇರ್‌ಗಳ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇಲ್ಲ. ಆದರೂ ಎರಡು ಮಾತು ಹೇಳಲೇಬೇಕು.

ಬೆಜೋಸ್ 2013ರಲ್ಲಿ 25 ಕೋಟಿ ಡಾಲರ್ ಕೊಟ್ಟು ಪೋಸ್ಟ್ ಕೊಂಡಾಗ ಅದು ಸೊರಗಿತ್ತು. ಆಮೇಲೆ ವರ್ಷಗಟ್ಟಲೆ ಹೊಸ ವರದಿಗಾರರು ಬಂದರು, ದೊಡ್ಡ ತನಿಖೆಗಳು ನಡೆದವು. ಅಮೆಜಾನ್ ಗೋದಾಮುಗಳಲ್ಲಿ ಕಾರ್ಮಿಕರಿಗೆ ಆಗುವ ಗಾಯಗಳ ಬಗ್ಗೆ ಬರೆದದ್ದೂ ಇದೇ ಪೋಸ್ಟ್. ಅಕ್ಟೋಬರ್ ತಿಂಗಳ ಆ ತೀರ್ಮಾನವನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಆದರೆ ಯಾರಿಗೆ ಮತ ಹಾಕಬೇಕೆಂದು ಹೇಳುವುದು ಪತ್ರಿಕೆಯ ಕೆಲಸದಲ್ಲಿ ಒಂದು ಚಿಕ್ಕ ತುಣುಕು ಅಷ್ಟೇ. ಪರ ಬರೆದವರು ಟ್ರಸ್ಟ್ ಎನ್ನುತ್ತಾರೆ. ಇನ್‌ಕ್ವೈರರ್ ಅನ್ನು ದಾನ ಕೊಟ್ಟ ಗೆರಿ ಲೆನ್‌ಫೆಸ್ಟ್ ಯಾರು? ಕೇಬಲ್ ಟಿವಿ ಕಂಪನಿ ಮಾರಿ ಕುಬೇರರಾದವರು.

ನನ್ನ ಚಿಂತೆಯೇ ಬೇರೆ. ಓಹಿಯೋದ ಒಂದು ಸಣ್ಣ ಊರಿನಲ್ಲಿ ಕೆಲಸದ ಮೇಲೆ ಕೆಲವು ವರ್ಷ ಇದ್ದೆ. ನಾನು ಹೋದ ಹೊಸದರಲ್ಲಿ ಅಲ್ಲೊಂದು ತೆಳುವಾದ ದಿನಪತ್ರಿಕೆ ಬರುತ್ತಿತ್ತು. ಹೈಸ್ಕೂಲಿನ ಫುಟ್‌ಬಾಲ್, ಸತ್ತವರ ಸುದ್ದಿ, ಸಿಟಿ ಕೌನ್ಸಿಲ್ ಸಭೆ, ಇಷ್ಟೇ ಇರುತ್ತಿತ್ತು. ಒಂದು ದಿನ ಅದು ಮುಚ್ಚಿತು. ಕೊಳ್ಳಲು ಯಾವ ಸಾಹುಕಾರನೂ ಬರಲಿಲ್ಲ, ಯಾವ ಟ್ರಸ್ಟೂ ಬರಲಿಲ್ಲ. ಮುಂದಿನ ವರ್ಷ ನೀರಿನ ಬಿಲ್ ಏಕಾಏಕಿ ಏರಿತು. ಪಕ್ಕದ ಮನೆಯ ಅಜ್ಜಿ ನನ್ನ ಬಾಗಿಲಿಗೇ ಬಿಲ್ ಹಿಡಿದುಕೊಂಡು ಬಂದರು. ನನಗೂ ಏನೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಕೌನ್ಸಿಲ್ ಸಭೆಗೆ ಹೋದೆವು. ದರ ಏರಿಸುವ ತೀರ್ಮಾನ ಎಷ್ಟೋ ತಿಂಗಳ ಹಿಂದೆಯೇ ಆಗಿಹೋಗಿತ್ತು. ಸಭೆಯ ನೋಟಿಸ್ ಕಾನೂನಿನ ಪ್ರಕಾರ ಅಂಟಿಸಿದ್ದೆವು ಎಂದರು. ಅದನ್ನು ಓದಿದವರು ಯಾರೂ ಇರಲಿಲ್ಲ. ಮೊದಲು ಆ ಪತ್ರಿಕೆಯ ಒಬ್ಬ ಹೆಂಗಸು ಪ್ರತಿ ಸಭೆಗೂ ಬಂದು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರಂತೆ. ಅಜ್ಜಿ ಎದ್ದು ನಿಂತು ಪ್ರಶ್ನೆ ಕೇಳಿದರು. ಸದಸ್ಯರೊಬ್ಬರು ಗಡಿಯಾರ ನೋಡಿದರು. ಮಾರನೆಯ ದಿನ ಅದು ಎಲ್ಲೂ ಸುದ್ದಿಯಾಗಲಿಲ್ಲ.

ಕ್ಯಾಲಿಫೋರ್ನಿಯಾದ ಬೆಲ್ ಎಂಬ ಬಡ ಊರಿನಲ್ಲಿ ಸಿಟಿ ಮ್ಯಾನೇಜರ್, ಅಂದರೆ ನಗರಾಡಳಿತದ ಮುಖ್ಯ ಅಧಿಕಾರಿ, ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ಎಣಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರ ಸಂಬಳವೇ 4 ಲಕ್ಷ. 2010ರಲ್ಲಿ ಅದನ್ನು ಹೊರಗೆಳೆದದ್ದು ಲಾಸ್ ಏಂಜಲೀಸ್ ಟೈಮ್ಸ್. ಆಗ ಆ ಪತ್ರಿಕೆ ಇದ್ದದ್ದು ಬಿಲಿಯನೇರ್ ಸ್ಯಾಮ್ ಝೆಲ್ ಖರೀದಿಸಿ ದಿವಾಳಿಯಾಗಿದ್ದ ಕಂಪನಿಯೊಳಗೆ. ವರದಿಗಾರರು ಇದ್ದರು, ಅದಕ್ಕೇ ಕಳ್ಳತನ ಸಿಕ್ಕಿತು. ಆ ಮ್ಯಾನೇಜರ್ ಜೈಲಿಗೆ ಹೋದರು.

2005ರಿಂದ ಈಚೆಗೆ ಅಮೆರಿಕದ ಪತ್ರಿಕೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮುಚ್ಚಿಹೋಗಿವೆ. ಉಳಿದವುಗಳಲ್ಲಿ ಎಷ್ಟೋ ಹೂಡಿಕೆ ನಿಧಿಗಳ ಪಾಲಾಗಿವೆ. ಡೆನ್ವರ್ ಪೋಸ್ಟ್ 2018ರಲ್ಲಿ ತನ್ನ ಒಡೆಯರಾದ ಆಲ್ಡೆನ್ ನಿಧಿಯವರನ್ನು ತನ್ನ ಸಂಪಾದಕೀಯದಲ್ಲೇ ರಣಹದ್ದುಗಳು ಎಂದು ಕರೆಯಿತು. ಬೆಜೋಸ್ ಅಂಥವರನ್ನು ಓಡಿಸಿದರೆ ಅವರ ಜಾಗಕ್ಕೆ ಬಂದು ಕೂರುವವರು ಇವರೇ. ಓಹಿಯೋದ ಆ ಪತ್ರಿಕೆಯನ್ನು ಯಾವ ಬಿಲಿಯನೇರ್ ಕೊಂಡಿದ್ದರೂ ನಾನು ಚಂದಾ ಕಟ್ಟುತ್ತಿದ್ದೆ, ಪಕ್ಕದ ಮನೆ ಅಜ್ಜಿಯೂ ಕಟ್ಟುತ್ತಿದ್ದರು.