ಡ್ರಾಫ್ಟ್ ವಾಪಸ್ ಬರಬೇಕು

ಮೊನ್ನೆ ಅಕ್ಕನ ಮಗಳು ವಾಟ್ಸಾಪಲ್ಲಿ ಒಂದು ಪಿಡಿಎಫ್ ಕಳಿಸಿದ್ಲು, ಅವಳ ಎಂಎ ಡಿಸರ್ಟೇಶನ್ನು, ಅಂದ್ರೆ ಸಂಶೋಧನಾ ಪ್ರಬಂಧ. "ಮಾವ, ಒಂಚೂರು ಕಣ್ಣಾಡಿಸಿ, ನಾಳೆ ಬೈಂಡಿಂಗಿಗೆ ಕೊಡ್ಬೇಕು." ಇಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾತ್ರಿ ಹನ್ನೊಂದೂವರೆ, ಮೈಸೂರಲ್ಲಿ ಒಂಬತ್ತು. ಇದು ಎಷ್ಟನೇ ಡ್ರಾಫ್ಟಮ್ಮ ಅಂತ ಕೇಳಿದೆ. "ಇದೊಂದೇ ಮಾವ." ಗೈಡ್ ಓದಿದ್ರಾ? "ಅಧ್ಯಾಯದ ಹೆಸರೆಲ್ಲ ನೋಡಿ ಸರಿ ಇದೆ ಅಂದ್ರು, ಸೋಮವಾರ ಸೈನ್ ಹಾಕ್ತಾರೆ." ಅವಳ ದನಿಲಿ ಬೇಜಾರೂ ಇಲ್ಲ ದೂರೂ ಇಲ್ಲ, ಇದಲ್ದೆ ಇನ್ನು ಹೇಗಿರುತ್ತೆ ಅನ್ನೋ ಹಾಗೆ ಹೇಳಿದ್ಲು, ನಂಗೆ ಚುಚ್ಚಿದ್ದೇ ಅದು.

ಬಿಎ ಮೂರು ವರ್ಷ, ಎಂಎ ಎರಡು ವರ್ಷ, ಅಷ್ಟೂ ದಿನ ಈ ಮಗು ಬರೀತಾನೇ ಇದೆ. ಇಂಟರ್ನಲ್ಸು, ಅಸೈನ್‌ಮೆಂಟು, ಸೆಮಿನಾರು. ಪಕ್ಕದಲ್ಲಿ ಏನಾದ್ರೂ ಗೀಚಿ, ಇದನ್ನ ತಿದ್ದಿ ಮತ್ತೆ ಬರ್ಕೊಂಡು ಬಾ ಅಂತ ಒಂದು ಹಾಳೆನೂ ವಾಪಸ್ ಬಂದಿಲ್ವಂತೆ. ಮಾರ್ಕ್ಸ್ ಮಾತ್ರ ಬಂದಿದೆ, ಅದೂ ಒಳ್ಳೆ ಮಾರ್ಕ್ಸೇ.

ನಾನು ಇಲ್ಲೊಂದು ಯೂನಿವರ್ಸಿಟಿಲಿ ಮೊದಲ ವರ್ಷದ ಹುಡುಗ್ರಿಗೆ ಅಕಾಡೆಮಿಕ್ ರೈಟಿಂಗ್ ಹೇಳ್ಕೊಡ್ತೀನಿ. ಬ್ಲೆಂಡೆಡ್ ಕೋರ್ಸು, ಸ್ವಲ್ಪ ಆನ್‌ಲೈನು, ಸ್ವಲ್ಪ ಕ್ಲಾಸು. ಸೋಮವಾರ ಹತ್ತು ನಿಮಿಷದ ಒಂದು ವಿಡಿಯೊ ಹಾಕ್ತೀವಿ, ಅದ್ರಲ್ಲಿ ಒಂದೇ ವಿಷಯ, ಉದಾಹರಣೆಗೆ ಇನ್ನೊಬ್ರ ಮಾತನ್ನ ನಮ್ಮ ಪ್ಯಾರಾದೊಳಗೆ ತಂದ್ರೆ ಅವರದ್ದು ಎಲ್ಲಿ ಮುಗೀತು ನಮ್ಮದು ಎಲ್ಲಿ ಶುರುವಾಯ್ತು ಅಂತ ಓದೋರಿಗೆ ಹೇಗೆ ಗೊತ್ತಾಗ್ಬೇಕು ಅನ್ನೋದು. ಅದನ್ನ ನೋಡ್ಕೊಂಡು ಇನ್ನೂರು ಪದದ ಒಂದು ಪ್ಯಾರಾ ಬರ್ದು ಬುಧವಾರದೊಳಗೆ ಅಪ್‌ಲೋಡ್ ಮಾಡ್ಬೇಕು. ಆಮೇಲಿನದ್ದು ನಂಗೆ ತುಂಬಾ ಇಷ್ಟ. ಸಾಫ್ಟ್‌ವೇರೇ ಆ ಪ್ಯಾರಾಗಳ ಹೆಸರು ಮರೆಮಾಡಿ ಬೇರೆ ಬೇರೆ ಹುಡುಗ್ರಿಗೆ ಹಂಚುತ್ತೆ, ಅವರು ಓದಿ ಒಂದಷ್ಟು ಪ್ರಶ್ನೆಗೆ ಉತ್ತರ ಬರೀಬೇಕು, ಇದ್ರಲ್ಲಿ ವಾದ ಏನಿದೆ, ಅದಕ್ಕೆ ಆಧಾರ ಎಲ್ಲಿದೆ, ನಿಮಗೆ ಎಲ್ಲಿ ದಾರಿ ತಪ್ತು. ಬರೆದಿದ್ದಕ್ಕೂ ಮಾರ್ಕ್ಸ್, ಇನ್ನೊಬ್ರದ್ದನ್ನ ಎಷ್ಟು ಗಮನ ಇಟ್ಟು ಓದಿದ್ರು ಅನ್ನೋದಕ್ಕೂ ಮಾರ್ಕ್ಸ್. ಶುಕ್ರವಾರ ಕ್ಲಾಸಿಗೆ ಬರೋ ಹೊತ್ತಿಗೆ ಎಲ್ಲರ ಕೈಲೂ ಬೈಸ್ಕೊಂಡ ಡ್ರಾಫ್ಟ್ ಇರುತ್ತೆ. ಕ್ಲಾಸಲ್ಲಿ ನಾನು ಬೋರ್ಡ್ ಹತ್ರ ಹೋಗೋದೇ ಕಮ್ಮಿ, ಅವರು ಕೂತು ತಿದ್ದಿ ಬರೀತಾರೆ, ನಾನು ಬೆಂಚಿಂದ ಬೆಂಚಿಗೆ ಹೋಗ್ತೀನಿ.

ನೇಪಾಳದ ಒಬ್ಬ ಹುಡುಗ, ನರ್ಸಿಂಗ್ ಓದೋನು, ವಯಸ್ಸಾದವರ ಆರೈಕೆ ಬಗ್ಗೆ ಬರೆದಿದ್ದ. ಇಂಗ್ಲಿಷಲ್ಲಿ ತಪ್ಪೇ ಇರಲಿಲ್ಲ, ಸಾಲಿಗೊಂದು ರೆಫರೆನ್ಸ್ ಇತ್ತು. ಅದಕ್ಕೆ ಹೆಸರಿಲ್ಲದ ಯಾರೋ ಒಬ್ರು "ಎಲ್ಲರೂ ಏನು ಹೇಳಿದಾರೆ ಅಂತ ಗೊತ್ತಾಯ್ತು, ನೀನು ಏನು ಹೇಳ್ತಿದೀಯ ಅಂತ ಗೊತ್ತಾಗ್ಲಿಲ್ಲ" ಅಂತ ಬರೆದಿದ್ರು. ಅವನು ತುಂಬಾ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ ಅರ್ಧ ಪ್ಯಾರಾ ಅಳಿಸಿದ. ಉಳಿದ ಅರ್ಧದಲ್ಲಿ ಅವನು ಕಾಣಿಸ್ಕೊಂಡ. ನಾನು ಎಷ್ಟು ಲೆಕ್ಚರ್ ಹೊಡೆದಿದ್ರೂ ಅದು ಆಗ್ತಿರಲಿಲ್ಲ.

ಈ ಹಂಚೋ ಕೆಲಸ ಮಾಡೋದು ಮೂಡಲ್ ಅನ್ನೋ ಸಾಫ್ಟ್‌ವೇರು, ಅದರೊಳಗಿನ ವರ್ಕ್‌ಶಾಪ್ ಅನ್ನೋ ಭಾಗ. ಹುಟ್ಟಿದ್ದು ಇದೇ ಪರ್ತಲ್ಲಿ, ಮಾರ್ಟಿನ್ ಡೂಗಿಯಾಮಸ್ ಅನ್ನೋರು ಮಾಡಿದ್ದು, 2002ರಲ್ಲಿ ಮೊದಲ ಆವೃತ್ತಿ ಬಂತು. ಅದು ಓಪನ್ ಸೋರ್ಸು, ಲೈಸೆನ್ಸಿಗೆ ಒಂದು ರೂಪಾಯಿನೂ ಕೊಡ್ಬೇಕಾಗಿಲ್ಲ, ಯಾವ ಕಾಲೇಜು ಬೇಕಾದ್ರೂ ಹಾಕ್ಕೋಬೋದು. ದುಡ್ಡಿಲ್ಲ ಅನ್ನೋ ಮಾತನ್ನ ಇಲ್ಲಿ ನಾನು ಸುಲಭಕ್ಕೆ ಒಪ್ಪಲ್ಲ.

ಊರಲ್ಲೂ ಬ್ಲೆಂಡೆಡ್ ಇದೆ ಅಂತ ಅವಳೇ ಹೇಳಿದ್ಲು. 2021ರಲ್ಲಿ ವಿಶ್ವವಿದ್ಯಾನಿಲಯಗಳಿಗೆ ನಿಯಮ ಮಾಡೋ ಯುಜಿಸಿ ಒಂದು ಕಾನ್ಸೆಪ್ಟ್ ನೋಟ್ ತಂತಲ್ಲ, ಒಂದು ಕೋರ್ಸಲ್ಲಿ 40% ತನಕ ಆನ್‌ಲೈನ್ ಇರಬೋದು ಅಂತ. ಇವರ ಕಾಲೇಜಲ್ಲಿ ಅದು ಹೇಗೆ ಇಳಿದಿದೆ ಅಂದ್ರೆ, ಸರ್ ಗ್ರೂಪಿಗೆ ಪಿಡಿಎಫ್ ಹಾಕ್ತಾರೆ, ಮಾರನೇ ದಿನ ಕ್ಲಾಸಲ್ಲಿ ಅದೇ ಪಿಡಿಎಫ್ ಓದಿ ಬರೆಸ್ತಾರೆ. ಮಂಡ್ಯದಿಂದ ಟ್ರೈನ್ ಪಾಸ್ ಮಾಡಿಸ್ಕೊಂಡು ದಿನಾ ಬೆಳಿಗ್ಗೆ ನಿಂತ್ಕೊಂಡೇ ಮೈಸೂರಿಗೆ ಬರೋ ಹುಡುಗಿ, ಮೊಬೈಲಲ್ಲಿ ಆಗ್ಲೇ ಇರೋದನ್ನ ಪುಸ್ತಕಕ್ಕೆ ಇಳಿಸ್ಕೊಂಡು ಸಂಜೆ ವಾಪಸ್ ಹೋಗ್ತಾಳೆ. ಒಬ್ಬಳೇ ಮನೇಲಿ ಕೂತು ಕೇಳಬೋದಾದ್ದನ್ನೆಲ್ಲ ಕ್ಲಾಸಲ್ಲಿ ಮಾಡ್ತಾರೆ, ಪಕ್ಕದಲ್ಲಿ ಮೇಷ್ಟ್ರು ಇರಲೇಬೇಕಾದ ಬರೆಯೋ ಕೆಲಸಾನ ಮನೆಗೆ ಕಳಿಸ್ತಾರೆ. ಪೂರ್ತಿ ತಿರುಗಾಮುರುಗಾ.

ಬರೆಯೋದು ಕೇಳಿ ಬರೋ ವಿದ್ಯೆ ಅಲ್ಲ. ಈಜು ಇದ್ದ ಹಾಗೆ, ಕಾಲುವೆ ದಡದಲ್ಲಿ ನಿಂತು ಎಷ್ಟು ನೋಟ್ಸ್ ಬರ್ಕೊಂಡ್ರೂ ನೀರಿಗಿಳಿದಾಗ ಪಕ್ಕದಲ್ಲಿ ಒಬ್ರು ಬೇಕು.

ಇನ್ನು ಪರ್ಸೆಂಟೇಜ್ ವಿಷಯ, ಅಂದ್ರೆ ನಾವು ಬರೆದಿದ್ದು ಬೇರೆಯವರ ಬರಹವನ್ನ ಎಷ್ಟು ಹೋಲುತ್ತೆ ಅಂತ ಸಾಫ್ಟ್‌ವೇರ್ ತೋರಿಸೋ ಅಂಕಿ. ಯುಜಿಸಿ 2018ರ ನಿಯಮದ ಪ್ರಕಾರ ಹೋಲಿಕೆ 10% ಒಳಗಿದ್ರೆ ದಂಡನೆ ಇಲ್ಲ, ಅದನ್ನ ದಾಟಿ 40ರ ತನಕ ಇದ್ರೆ ತಿದ್ದಿ ಮತ್ತೆ ಕೊಡ್ಬೇಕು, ಅದಕ್ಕೂ ಮೇಲೆ ಹೋದ್ರೆ ಇನ್ನೂ ಕಷ್ಟ. ನಿಯಮದಲ್ಲಿ ತಪ್ಪೇನಿಲ್ಲ. ಆದ್ರೆ ಬರೆಯೋದನ್ನ ಕಲಿಸದೆ ಬರೀ ಅಂಕಿ ತೋರಿಸಿದ್ರೆ ಮಕ್ಕಳು ಅಂಕಿ ಇಳಿಸೋದನ್ನೇ ಕಲೀತಾರೆ. ಡಿಟಿಪಿ ಅಂಗಡಿಯವರೇ ಕೇಳ್ತಾರಂತೆ, ಪರ್ಸೆಂಟೇಜ್ ಇಳಿಸ್ಕೊಡ್ಬೇಕಾ ಅಂತ. ಇವಳ ಪಿಡಿಎಫಲ್ಲೇ ನೋಡಿದೆ, ಎರಡನೇ ಅಧ್ಯಾಯದಲ್ಲಿ 'ಕಾರಣ' ಇದ್ದ ಕಡೆಯೆಲ್ಲ 'ನಿಮಿತ್ತ' ಆಗಿದೆ, 'ಮಹಿಳೆ' ಹೋಗಿ 'ವನಿತೆ' ಬಂದಿದೆ, ವಾಕ್ಯ ಮಾತ್ರ ಯಾರದ್ದೋ. ಇಲ್ಲಿ ಆ ಹೋಲಿಕೆ ರಿಪೋರ್ಟನ್ನ ಡ್ರಾಫ್ಟ್ ಹಂತದಲ್ಲೇ ಹುಡುಗನ ಜೊತೆ ಕೂತು ತೆಗೀತೀವಿ, ನೋಡಪ್ಪ ಇದು ಬಣ್ಣ ಹತ್ತಿದೆ, ಇದನ್ನ ಉದ್ಧರಣ ಚಿಹ್ನೆಲಿ ಇಡ್ತೀಯೋ, ಪುಸ್ತಕ ಮುಚ್ಚಿಟ್ಟು ನಿನ್ನ ಮಾತಲ್ಲಿ ಹೇಳ್ತೀಯೋ ಅಂತ. ಊರಲ್ಲಿ ಸಂಶೋಧನಾ ನೀತಿ ಬಗ್ಗೆ ಎರಡು ಕ್ರೆಡಿಟ್ಟಿನ ಕೋರ್ಸನ್ನ 2019ರ ಕೊನೇಲಿ ಕಡ್ಡಾಯ ಮಾಡಿದ್ರು, ಸಂತೋಷ, ಆದ್ರೆ ಅದು ಪಿಎಚ್‌ಡಿಗೆ ಸೇರಿದವರಿಗೆ. ಅಷ್ಟು ಹೊತ್ತಿಗೆ ಕೈಗೆ ಅಭ್ಯಾಸ ಅಂಟಿಬಿಟ್ಟಿರುತ್ತೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂನಲ್ಲಿ ಅಕಾಡೆಮಿಕ್ ರೈಟಿಂಗ್ ಕೋರ್ಸ್ ಇದ್ಯಲ್ಲ ಅಂತೀರ. ಇದೆ, ಇಂಗ್ಲಿಷಲ್ಲಿ. ನನ್ನ ಅಕ್ಕನ ಮಗಳು ಬರೀತಿರೋದು ಕನ್ನಡದಲ್ಲಿ. ಅಡಿಟಿಪ್ಪಣಿ ಹೇಗೆ ಹಾಕೋದು, ವಕ್ತೃಗಳು ಹಾಡಿದ್ದನ್ನ ಎಷ್ಟು ಉಲ್ಲೇಖಿಸ್ಬೇಕು, ಗ್ರಂಥಋಣ ಯಾವ ಕ್ರಮದಲ್ಲಿ, ಇದನ್ನೆಲ್ಲ ಕನ್ನಡದಲ್ಲಿ ಹತ್ತತ್ತು ನಿಮಿಷ ಹೇಳೋ ವಿಡಿಯೊ ಮಾಡೋಕೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗಿಂತ ಒಳ್ಳೆ ಜಾಗ ಯಾವ್ದಿದೆ? ವಿಶ್ವವಿದ್ಯಾನಿಲಯದ ಪುಸ್ತಕ ಪ್ರಕಟಿಸೋ ಪ್ರಸಾರಾಂಗ ಇರೋ ಊರದು.

ಸ್ವಲ್ಪ ದೂರದಿಂದ, ಸ್ವಲ್ಪ ಕ್ಲಾಸಲ್ಲಿ ಕಲಿಸೋ ಈ ಪದ್ಧತಿ ಮೈಸೂರಿಗೆ ಹೊಸದೂ ಅಲ್ಲ. ಮುಕ್ತ ವಿಶ್ವವಿದ್ಯಾನಿಲಯ ಆಗಿದ್ದು 1996ರಲ್ಲಿ, ಅದಕ್ಕೂ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದ ಕರೆಸ್ಪಾಂಡೆನ್ಸ್ ಕೋರ್ಸ್ ಇತ್ತು, 1969ರಿಂದಲೇ. ಪಾಂಡವಪುರದಲ್ಲಿ ಮೇಡಮ್ಮಾಗಿದ್ದ ನಮ್ಮ ಚಿಕ್ಕಮ್ಮ ಅದ್ರಲ್ಲೇ ಬಿಎ ಮಾಡಿದ್ದು, ಪೋಸ್ಟಲ್ಲಿ ಪಾಠ ಬರೋದು, ರಜೇಲಿ ಮೈಸೂರಿಗೆ ಕಾಂಟ್ಯಾಕ್ಟ್ ಕ್ಲಾಸಿಗೆ ಹೋಗೋರು. ಅವರ ಒಂದು ಉತ್ತರದ ಪಕ್ಕ ಕೆಂಪಿಂಕಲ್ಲಿ "ಇದಕ್ಕೆ ಆಧಾರವೇನು?" ಅಂತ ಬರೆದಿದ್ದನ್ನ ನಾನು ನೋಡಿದೀನಿ. ಯಾರು ಬರೆದ್ರೋ ಗೊತ್ತಿಲ್ಲ, ಚಿಕ್ಕಮ್ಮ ಆ ಮೇಷ್ಟ್ರನ್ನ ಕಂಡೂ ಇರಲಿಲ್ಲ. ಅಂಚೆ ಕಾಲದಲ್ಲಿ ಹಾಳೆ ಹೋಗಿ ವಾಪಸ್ ಬರ್ತಿತ್ತು, ಈಗ ಒಂದು ಸೆಕೆಂಡಲ್ಲಿ ಹೋಗೋ ಫೈಲು ಯಾಕೆ ವಾಪಸ್ ಬರಲ್ಲ?

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನ ಒಪ್ಕೋಬೇಕು, ಮನಸ್ಸಿಲ್ಲದಿದ್ರೂ. ಆ ರಾತ್ರಿ ಅವಳ ಮೂರನೇ ಅಧ್ಯಾಯ ಓದ್ತಾ ನಿದ್ದೆ ಹೋಯ್ತು. ನಾಗಮಂಗಲ ತಾಲ್ಲೂಕಿನ ಸೋಬಾನೆ ಪದಗಳ ಮೇಲೆ ಕೆಲಸ ಮಾಡಿದಾಳೆ, ಜಾನಪದ ವಿದ್ವಾಂಸ ಜೀಶಂಪ ಅವರು ಹುಟ್ಟಿದ ಸೀಮೆ, ಊರೂರು ತಿರುಗಿ ಅಜ್ಜಿಯರ ಪಕ್ಕ ಕೂತು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು ಬರೆದಿರೋದು. ನನ್ನ ಇಲ್ಲಿನ ಹುಡುಗ್ರು ಕೂತಲ್ಲೇ ಹುಡುಕಿ ಸಿಕ್ಕಿದ್ದನ್ನ ಅಚ್ಚುಕಟ್ಟಾಗಿ ಜೋಡಿಸ್ತಾರೆ, ಕೆಲವರಂತೂ ಎಐ ಬರ್ಕೊಟ್ಟಿದ್ದನ್ನೇ ತರ್ತಾರೆ, ವಿಡಿಯೊ ನೋಡ್ದೆ ಬರೋರೂ ಉಂಟು. ಇವಳ ಹತ್ರ ಇರೋ ಸರಕು ಅವರ್ಯಾರ ಹತ್ರನೂ ಇಲ್ಲ. ಅವಳ ಗೈಡೂ ಪುಟ ಓದಿಲ್ಲ ನಿಜ, ಆದ್ರೆ ಯಾವ ಊರಲ್ಲಿ ಯಾವ ಅಜ್ಜಿ ಹಾಡ್ತಾರೆ ಅಂತ ಹೇಳಿ ಕಳಿಸಿದ್ದು ಅವರೇ, ಮನೆಗೆ ಕರೆದು ಊಟ ಹಾಕಿ ಗಂಟೆಗಟ್ಲೆ ಮಾತಾಡಿದಾರೆ. ಇಲ್ಲಿ ನನ್ನನ್ನ ನೋಡ್ಬೇಕಂದ್ರೆ ಇಪ್ಪತ್ತು ನಿಮಿಷದ ಸ್ಲಾಟ್ ಬುಕ್ ಮಾಡ್ಬೇಕು.

ಇನ್ನೂ ಒಂದಿದೆ. ನಾನು ಡ್ರಾಫ್ಟ್ ಓದೋ ಗಂಟೆಗೂ ಇಲ್ಲಿ ಸಂಬಳ ಕೊಡ್ತಾರೆ. ಊರಲ್ಲಿ ಬೆಳಿಗ್ಗೆ ಒಂದು ಕಾಲೇಜು ಮಧ್ಯಾಹ್ನ ಇನ್ನೊಂದು ಅಂತ ಓಡಾಡೋ ಅತಿಥಿ ಉಪನ್ಯಾಸಕರಿಗೆ ಪಾಠ ಮಾಡಿದ್ದಷ್ಟೇ ಲೆಕ್ಕ, ಅರವತ್ತು ಮಕ್ಕಳ ಡ್ರಾಫ್ಟನ್ನ ರಾತ್ರಿ ಕೂತು ಓದಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳೋದು. ಅದಕ್ಕೇ ಮಕ್ಕಳೇ ಮಕ್ಕಳದ್ದನ್ನ ಓದೋ ಆ ಪದ್ಧತಿ ಇಲ್ಲಿಗಿಂತ ಅಲ್ಲಿಗೇ ಹೆಚ್ಚು ಬೇಕು. ಎಂಎ ಮೊದಲ ಸೆಮಿಸ್ಟರಲ್ಲೇ ಒಂದು ಪೇಪರಿಗೆ ಮಾಡ್ಲಿ, ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಲ್ಲೇ ಬರೀಲಿ, ಮೇಷ್ಟ್ರು ವಾರಕ್ಕೆ ಹತ್ತು ಡ್ರಾಫ್ಟ್ ನೋಡಿದ್ರೂ ಸಾಕು, ಮಾರ್ಕ್ಸ್ ಮಾತ್ರ ಎರಡನೇ ಡ್ರಾಫ್ಟಿಗೇ ಕೊಡ್ಲಿ.