ಸ್ಪಷ್ಟನೆ: ದಕ್ಷಿಣೆ ಕಡಿಮೆಯಾದರೆ ಹೋಮ ವ್ಯರ್ಥವೇ?

'ದಕ್ಷಿಣೆ ಕಡಿಮೆಯಾದರೆ ಹೋಮ ವ್ಯರ್ಥ, ಗೀತೆಯೇ ಹಾಗೆ ಹೇಳಿದೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತು.

ಗೀತೆಯ 17ನೇ ಅಧ್ಯಾಯದ 13ನೇ ಶ್ಲೋಕ ದಕ್ಷಿಣೆಯಿಲ್ಲದ ಯಜ್ಞವನ್ನು ತಾಮಸ, ಅಂದರೆ ಕೀಳು ಬಗೆಯದು ಎನ್ನುತ್ತದೆ, ನಿಜ. ಆದರೆ ಅದೇ ಶ್ಲೋಕದಲ್ಲಿ ವಿಧಿ, ಮಂತ್ರ, ಅನ್ನದಾನ, ಶ್ರದ್ಧೆ ಇಲ್ಲದಿರುವುದನ್ನೂ ಸೇರಿಸಿದ್ದಾರೆ. ಎಷ್ಟು ಕೊಡಬೇಕು ಅನ್ನೋ ಲೆಕ್ಕ ಅಲ್ಲಿಲ್ಲ. ಅದರ ಹಿಂದಿನ ಶ್ಲೋಕವನ್ನಂತೂ ಈ ಸಂದೇಶ ಮುಟ್ಟುವುದೇ ಇಲ್ಲ. ಫಲದ ಆಸೆಗೆ, ಡಂಭಕ್ಕೆ ಮಾಡಿದ ಯಜ್ಞ ರಾಜಸ ಅಂತ ಅದು ಹೇಳುತ್ತದೆ.

ದಕ್ಷಿಣೆ ತಪ್ಪು ಅಂತಲ್ಲ. ಸೋಮರಸ ಅರ್ಪಿಸುವ ವೈದಿಕ ಯಜ್ಞವಾದ ಸೋಮಯಾಗಕ್ಕೆ 16 ಋತ್ವಿಜರು (ಯಜ್ಞ ನಡೆಸುವ ಪುರೋಹಿತರು) ಬೇಕು, ಅವರಿಗೆ ಹಸು, ಚಿನ್ನ ಕೊಡುವ ಪದ್ಧತಿ ಇತ್ತು. ಇಂದಿನ ಪುರೋಹಿತರೂ ವರ್ಷಗಟ್ಟಲೆ ಕಲಿತವರು, ಅವರಿಗೂ ಸಂಸಾರ ಇದೆ ಅಲ್ವಾ? ಶಕ್ತಿಯಿದ್ದಷ್ಟು ಮನಸಾರೆ ಕೊಡಿ. ಆದರೆ ಬೆಳಗ್ಗೆ, ಸಂಜೆ ನಡೆಯುವ ಅಗ್ನಿಹೋತ್ರವನ್ನು ಗೃಹಸ್ಥ ತಾನೇ ಮಾಡಬಹುದು, ಆಹುತಿಗೆ ಹಾಲು ಸಾಕು.

'ಇಷ್ಟು ಕಟ್ಟದಿದ್ದರೆ ದೋಷ ಅಂಟುತ್ತದೆ' ಎಂದು ಯಾರಾದರೂ ಹೆದರಿಸಿದರೆ ಸುಮ್ನೆ ದುಡ್ಡು ಕಳಿಸಬೇಡಿ. ಸಾಮಗ್ರಿಗೆಷ್ಟು, ದಕ್ಷಿಣೆಗೆಷ್ಟು ಎಂದು ಮೊದಲೇ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ.