ಶೇಡಿ ಮಣ್ಣನ್ನು ಕರೆಂಟಿನಿಂದ ಬಿಳಿ ಮಾಡುವುದು ಗಿಟ್ಟೀತೇ?

ಪರ

ಮಂಗಳೂರು, ಉಡುಪಿ ಕಡೆ ಮುರಕಲ್ಲಿನ ಪಣೆಯ (ಕಲ್ಲು ಗಣಿಯ) ತಳದಲ್ಲಿ ಸಿಗುವ ಶೇಡಿಯಲ್ಲಿ ಪಿಂಗಾಣಿಗೆ ಬೇಕಾದ ಬಿಳಿ ಖನಿಜ ಕೆಯೊಲಿನೈಟ್ ಧಾರಾಳ. ಬಣ್ಣ ಕೆಡಿಸುವುದು ಗೋಥೈಟ್, ಹೆಮಟೈಟ್ ಎಂಬ ತುಕ್ಕು. (1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹಂಚಿಗೆ ಕೆಂಪು ಕೊಟ್ಟದ್ದೂ ಕಬ್ಬಿಣವೇ, ಪಿಂಗಾಣಿಗೆ ಮಾತ್ರ ಅದು ಬೇಡ.) ಈ ತುಕ್ಕನ್ನು ತೆಗೆಯಲು ರೂಢಿಯಲ್ಲಿರುವುದು ಸೋಡಿಯಂ ಡೈಥಯೋನೈಟ್ ಎಂಬ ರಾಸಾಯನಿಕ. ತೇವ ತಗಲಿದರೆ ಅದು ಬಿಸಿಯೇರಿ ಕೆಡುತ್ತದೆ, ಹೊತ್ತಿಕೊಳ್ಳಲೂಬಹುದು. ಆಟಿಯ ಮಳೆಯಲ್ಲಿ ಅದನ್ನು ಗೋದಾಮಿನಲ್ಲಿ ಕಾಯುವವರ ಪಾಡು ಬೇಡ.

ಕರೆಂಟಿಗೆ ಆ ಗೋಜಿಲ್ಲ. ಅದು ತುಕ್ಕಿನ ಫೆರಿಕ್ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಟ್ಟು, ನೀರಿಗೆ ಇಳಿಯುವ ಫೆರಸ್ ಆಗಿಸುತ್ತದೆ. ಮಣ್ಣನ್ನು 45 ಮೈಕ್ರಾನ್ ಜರಡಿ ಹಿಡಿದು, ಶೇ. 10 ಮಣ್ಣಿರುವ ರಾಡಿ ಮಾಡಿ, ಆಕ್ಸಾಲಿಕ್ ಆಮ್ಲದಿಂದ ಪಿಎಚ್ (ಆಮ್ಲತೆಯ ಅಳತೆ; ಇಳಿದಷ್ಟೂ ಹುಳಿ) 3ಕ್ಕೆ ಇಳಿಸಿ. ರಾಡಿ ಕ್ಯಾಥೋಡ್ (ಋಣ ಎಲೆಕ್ಟ್ರೋಡ್) ಬದಿಯಲ್ಲಿರಲಿ. ಆನೋಡನ್ನು (ಧನ ಎಲೆಕ್ಟ್ರೋಡನ್ನು) ಮೆರುಗು ಹಚ್ಚದ ಮಣ್ಣಿನ ಕುಡಿಕೆಯೊಳಗಿಟ್ಟು ಬೇರ್ಪಡಿಸದಿದ್ದರೆ ಆಕ್ಸಾಲಿಕ್ ಆಮ್ಲ ಅಲ್ಲೇ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ತುಕ್ಕಿನ ಪ್ರತಿ ಕಣವೂ ಎಲೆಕ್ಟ್ರೋಡಿಗೆ ತಾಗಬೇಕೆಂದಿಲ್ಲ. ಕರಗಿದ ಫೆರಸ್ ಕಬ್ಬಿಣವೇ ಆಕ್ಸಲೇಟಿನ ಜೊತೆಗೂಡಿ ಉಳಿದ ತುಕ್ಕಿಗೆ ಎಲೆಕ್ಟ್ರಾನ್ ದಾಟಿಸುತ್ತದೆ.

ಖರ್ಚು? ಶೇ. 1 ಫೆರಿಕ್ ಆಕ್ಸೈಡ್ ಇರುವ ಒಂದು ಕಿಲೋ ಮಣ್ಣಿಗೆ ಸುಮಾರು 3.4 ಆಂಪಿಯರ್-ಗಂಟೆ. 3 ವೋಲ್ಟಿನಲ್ಲಿ ಟನ್ನಿಗೆ 10 ಯೂನಿಟ್. ಹತ್ತರಲ್ಲಿ ಒಂಬತ್ತು ಪಾಲು ಹೈಡ್ರೋಜನ್ ಆಗಿ ಪೋಲಾದರೂ ಸುಮಾರು 100 ಯೂನಿಟ್ ಅಷ್ಟೇ.

ವಿರೋಧ

ಲೆಕ್ಕ ಸರಿ, ಮಣ್ಣು ಅದಕ್ಕೆ ಬಗ್ಗುವುದಿಲ್ಲ. ಶೇ. 10ರ ರಾಡಿ ಎಂದರೆ ಟನ್ ಮಣ್ಣಿಗೆ 9 ಟನ್ ನೀರು. ನೀರು ಉಳಿಸಲು ಗಟ್ಟಿ ಮಾಡಹೊರಟರೆ ಪಿಎಚ್ 3 ಅಡ್ಡ ಬರುತ್ತದೆ: ಕೆಯೊಲಿನೈಟ್ ಚಕ್ಕೆಯ ಅಂಚಿಗೆ ಧನ ವಿದ್ಯುದಂಶ, ಮೈಗೆ ಋಣ, ಒಂದರ ಅಂಚು ಇನ್ನೊಂದರ ಮೈಗೆ ಕಚ್ಚಿ, ನೀರುದೋಸೆ ಹಿಟ್ಟಿನ ಹದದ್ದು ಉದ್ದಿನ ಹಿಟ್ಟಿನಂತಾಗುತ್ತದೆ. ನಡುವೆ ತುಕ್ಕು ಸಿಕ್ಕಿಕೊಂಡೇ ಉಳಿಯುತ್ತದೆ.

ಇನ್ನೊಂದು ಕಾಟ ಆ ಆಕ್ಸಲೇಟಿನದೇ. ಫೆರಸ್ ಆಕ್ಸಲೇಟ್ ನೀರಿನಲ್ಲಿ ಅಷ್ಟಾಗಿ ಕರಗದ ಹಳದಿ ಪುಡಿ. ಕಬ್ಬಿಣ ಹೆಚ್ಚಿದಂತೆ ಮಣ್ಣಿನ ಮೇಲೇ ಕೂರುತ್ತದೆ. ತೊಳೆಯುವಾಗ ಆಮ್ಲತೆ ತಪ್ಪಿ ಗಾಳಿ ಸೋಕಿದರೆ ಉಳಿದ ಫೆರಸ್ ಮತ್ತೆ ಫೆರಿಕ್ ಆಗಿ, ಬೆಳಿಗ್ಗೆ ಬೆಳ್ಳಗಿದ್ದದ್ದು ಸಂಜೆಗೆ ಕೆನೆಬಣ್ಣ. ಕೆಯೊಲಿನೈಟ್ ಹರಳಿನ ಜಾಲದೊಳಗೇ ಸೇರಿದ ಕಬ್ಬಿಣವನ್ನಾಗಲಿ, ಅನಟೇಸ್ ಎಂಬ ಟೈಟಾನಿಯಂ ಖನಿಜವನ್ನಾಗಲಿ ಕರೆಂಟ್ ಬಹುತೇಕ ಮುಟ್ಟುವುದಿಲ್ಲ.

ಕರೆಂಟಿಗೆ ತಕ್ಕ ಕೆಲಸ ಪರೀಕ್ಷೆ. ಮಣ್ಣು, ಗ್ರಾಫೈಟ್ ಪುಡಿ, ಪ್ಯಾರಾಫಿನ್ ಎಣ್ಣೆ ಕಲಸಿ ಎಲೆಕ್ಟ್ರೋಡಿನ ಕುಳಿಗೆ ತುಂಬಿ, ಆಮ್ಲದಲ್ಲಿ ವೋಲ್ಟೇಜ್ ಇಳಿಸುತ್ತ ಹೋದರೆ ಕರೆಂಟಿನ ನಕ್ಷೆಯಲ್ಲಿ ತುಕ್ಕು ಶಿಖರವಾಗಿ ಕಾಣುತ್ತದೆ, ಜಾಲದ ಕಬ್ಬಿಣ ಬಹುತೇಕ ಸುಮ್ಮನಿರುತ್ತದೆ. ಶಿಖರದ ಎತ್ತರ ಕಣದ ಗಾತ್ರಕ್ಕೂ ಬದಲಾಗುವುದರಿಂದ ಪ್ರಮಾಣವನ್ನು ಅದರಿಂದ ಅಳೆಯಬೇಡಿ. ಮಣ್ಣನ್ನು ಪೂರ್ತಿ ಕರಗಿಸಿ, ಕಬ್ಬಿಣವನ್ನೆಲ್ಲ ಫೆರಸ್ ಆಗಿಸಿ, ಅದರೊಡನೆ ಕೆಂಪು ಬಣ್ಣ ಕೊಡುವ ಫೆನಾಂತ್ರೋಲಿನ್ ಬೆರೆಸಿ, ಆ ಬಣ್ಣವನ್ನು 510 ನ್ಯಾನೋಮೀಟರಿನ ಬೆಳಕಿನಲ್ಲಿ ಓದಿ. ಒಟ್ಟು ಕಬ್ಬಿಣ ಹೆಚ್ಚಿದ್ದೂ ಶಿಖರ ಚಿಕ್ಕದಿದ್ದರೆ, ಆ ಮಣ್ಣಿಗೆ ಸ್ವಿಚ್ ಹಾಕಿದಾಗ ಬರುವುದು ಬರೀ ಹೈಡ್ರೋಜನ್.